ಮುತ್ತಜ್ಜನಿಗೆ ನಾಲ್ಕು ಹುಟ್ಟಿದ ವರ್ಷ: ಯಾವ ದಾಖಲೆಯನ್ನು ನಂಬುವುದು?

ಪ್ರಶ್ನೆ: ನಮ್ಮ ಮನೆತನದ ಇತಿಹಾಸ ಕಲೆಹಾಕುತ್ತಿದ್ದೇನೆ. ಮುತ್ತಜ್ಜ 1916ರಲ್ಲಿ ಸೇನೆಗೆ ಸೇರಿದಾಗಿನ ಪತ್ರದಲ್ಲಿ ಅವರ ವಯಸ್ಸು 19 ಎಂದಿದೆ. 1924ರ ಮದುವೆ ನೋಂದಣಿಯಲ್ಲಿ 25. 1968ರ ಮರಣ ಪ್ರಮಾಣಪತ್ರದಲ್ಲಿ 75. ಅವರ ಮಗಳು ಬರೆದಿಟ್ಟ ನೋಟ್‌ಪುಸ್ತಕವೊಂದರಲ್ಲಿ ಹುಟ್ಟಿದ್ದು 1899 ಎಂದಿದೆ. ಅಂತರ್ಜಾಲದಲ್ಲಿ ದೂರದ ಸಂಬಂಧಿಕರು ಹಾಕಿರುವ ಐದು ವಂಶವೃಕ್ಷಗಳಲ್ಲೂ 1893 ಎಂದೇ ಇದೆ. ಸರ್ಕಾರಿ ಮುದ್ರೆಯ ಮರಣ ಪ್ರಮಾಣಪತ್ರ, ಜೊತೆಗೆ ಐದು ವಂಶವೃಕ್ಷ, ಅಂದರೆ ಬಹುಮತ 1893ರ ಕಡೆಗಿದೆ. ಅದನ್ನೇ ಬರೆದುಕೊಳ್ಳಲೇ?

ಉತ್ತರ: ಬೇಡ, ಈಗಲೇ ಬರೆದುಕೊಳ್ಳಬೇಡಿ. ನೀವು ಕೊಟ್ಟಿರುವ ವರ್ಷಗಳಲ್ಲಿ ನನಗೆ ಎಲ್ಲಕ್ಕಿಂತ ಸಡಿಲವಾಗಿ ಕಾಣುತ್ತಿರುವುದೇ 1893. ಯಾಕೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಇದೇ ಗೊಂದಲ ನಾಳೆ ಮುತ್ತಜ್ಜಿಯ ವಿಷಯದಲ್ಲೂ, ಅವರ ಅಪ್ಪ ಅಮ್ಮನ ವಿಷಯದಲ್ಲೂ ನಿಮಗೆ ಎದುರಾಗುತ್ತದೆ.

ಅದಕ್ಕೂ ಮೊದಲು ಒಂದು ಮಾತು. ಈ ನಾಲ್ಕೂ ಕಾಗದಗಳು ಒಬ್ಬನೇ ವ್ಯಕ್ತಿಯವು ಎಂದು ಖಾತ್ರಿ ಮಾಡಿಕೊಂಡಿದ್ದೀರಾ? ವಯಸ್ಸಿನ ಜಗಳ ಎಂದುಕೊಂಡದ್ದು ಎಷ್ಟೋ ಸಲ ಒಂದೇ ಹೆಸರಿನ ಇಬ್ಬರ ಜಗಳವಾಗಿರುತ್ತದೆ. ಒಂದೇ ಊರಿನಲ್ಲಿ ಒಂದೇ ಹೆಸರಿನ ದಾಯಾದಿಗಳಿಬ್ಬರು, ತಾತನ ಹೆಸರನ್ನೇ ಇಟ್ಟುಕೊಂಡ ಮೊಮ್ಮಕ್ಕಳು, ತೀರಿಕೊಂಡ ಅಣ್ಣನ ಹೆಸರನ್ನೇ ತಮ್ಮನಿಗೂ ಇಟ್ಟ ಮನೆಗಳು ಲೋಕದ ಎಲ್ಲ ಕಡೆ ಸಿಗುತ್ತವೆ. ಬರೀ ಹೆಸರು ಹೊಂದಿದರೆ ಸಾಲದು. ತಂದೆಯ ಹೆಸರು, ಹೆಂಡತಿಯ ಹೆಸರು, ವಿಳಾಸ, ಕಸುಬು, ಸಾಕ್ಷಿ ಹಾಕಿದವರು, ಸಹಿಯ ಕೈಬರಹ ಇವುಗಳಲ್ಲಿ ಎರಡು ಮೂರಾದರೂ ಒಂದು ಕಾಗದದಿಂದ ಇನ್ನೊಂದಕ್ಕೆ ಕೊಂಡಿ ಹಾಕಬೇಕು. ಸೇನೆಯ ಪತ್ರದಲ್ಲಿ ಹತ್ತಿರದ ಸಂಬಂಧಿ ಎಂಬ ಜಾಗದಲ್ಲಿ ಯಾರ ಹೆಸರಿದೆ ಎಂದು ನೋಡಿ. ಮದುವೆ ನೋಂದಣಿಯಲ್ಲಿ ವರನ ತಂದೆಯ ಹೆಸರೂ ಅದೇ ಆಗಿದ್ದರೆ ಅರ್ಧ ಚಿಂತೆ ಕಳೆಯಿತು. ಸದ್ಯಕ್ಕೆ ನಾಲ್ಕೂ ಒಬ್ಬರವೇ ಎಂದುಕೊಂಡು ಮುಂದುವರಿಯುತ್ತೇನೆ.

"ಈ ದಾಖಲೆಯನ್ನು ನಂಬಬಹುದೇ?" ಎಂದು ಕೇಳುವುದು ರೂಢಿ. ಹಾಗೆ ಕೇಳಿದರೆ ಸರಿಯಾದ ಉತ್ತರ ಸಿಗುವುದಿಲ್ಲ. ಒಂದು ಕಾಗದದಲ್ಲಿ ಹತ್ತು ಸಂಗತಿಗಳಿರುತ್ತವೆ, ಆ ಹತ್ತಕ್ಕೂ ಒಂದೇ ತೂಕವಿರುವುದಿಲ್ಲ. ಪ್ರತಿಯೊಂದು ಸಾಲಿನ ಮೇಲೂ ಬೆರಳಿಟ್ಟು ಕೇಳಬೇಕು: ಇದನ್ನು ಬರೆಸಿದವರು ಯಾರು, ಅವರಿಗೆ ಇದು ಹೇಗೆ ಗೊತ್ತಿತ್ತು, ನಡೆದು ಎಷ್ಟು ಕಾಲವಾದ ಮೇಲೆ ಹೇಳಿದರು, ಹಾಗೆ ಹೇಳಿದರೆ ಅವರಿಗೇನಾದರೂ ಅನುಕೂಲವಿತ್ತೇ?

ನಿಮ್ಮಲ್ಲಿರುವ ಮರಣ ಪ್ರಮಾಣಪತ್ರವನ್ನೇ ತೆಗೆದುಕೊಳ್ಳಿ. ತೀರಿಕೊಂಡ ದಿನ, ಜಾಗ, ಕಾರಣ ಇವನ್ನು ಹೇಳಿದವರು ಆ ದಿನ ಅಲ್ಲಿದ್ದವರು: ವೈದ್ಯರು, ಮನೆಯವರು. ಘಟನೆ ನಡೆದ ಕೆಲವೇ ದಿನಗಳಲ್ಲಿ ಬರೆಸಿದ್ದಾರೆ, ಸುಳ್ಳು ಹೇಳಲು ಕಾರಣವಿಲ್ಲ. ಆದ್ದರಿಂದ ಸಾವಿನ ಮಟ್ಟಿಗೆ ಈ ಕಾಗದ ಗಟ್ಟಿ. ಆದರೆ ಅದೇ ಹಾಳೆಯಲ್ಲಿ ವಯಸ್ಸು, ಹುಟ್ಟಿದ ಊರು, ತಂದೆ ತಾಯಿಯ ಹೆಸರು ಕೂಡ ಇರಬಹುದು. ಅವನ್ನು ಹೇಳಿದವರಾರು? ಬಹುಶಃ ಮಗ, ಅಳಿಯ, ಇಲ್ಲವೇ ಪಕ್ಕದ ಮನೆಯವರು. ಎಪ್ಪತ್ತು ಚಿಲ್ಲರೆ ವರ್ಷದ ಹಿಂದೆ ನಡೆದ ಹುಟ್ಟಿಗೆ ಇವರಲ್ಲಿ ಒಬ್ಬರೂ ಸಾಕ್ಷಿಯಲ್ಲ. ನಿಜವಾಗಿ ಗೊತ್ತಿದ್ದ ಒಬ್ಬೇ ಒಬ್ಬರು ಆ ಹೊತ್ತಿಗೆ ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಅಳುವ ಮನೆಯಲ್ಲಿ ಗುಮಾಸ್ತ "ವಯಸ್ಸೆಷ್ಟು?" ಎಂದು ಕೇಳಿದಾಗ ಯಾರೂ ಪೆಟ್ಟಿಗೆ ತೆಗೆದು ಕಾಗದ ಹುಡುಕುವುದಿಲ್ಲ. "ಎಪ್ಪತ್ತೈದು ಆಗಿರಬೇಕು" ಎನ್ನುತ್ತಾರೆ. "ಆಗಿರಬೇಕು" ಎಂಬುದನ್ನು ಗುಮಾಸ್ತ ಬರೆಯುವುದಿಲ್ಲ, 75ನ್ನು ಬರೆಯುತ್ತಾನೆ.

ಇನ್ನು ಆ ಸರ್ಕಾರಿ ಮುದ್ರೆ. ಮುದ್ರೆ ಹೇಳುವುದು ಇಷ್ಟೇ: ಈ ನಕಲು ನಮ್ಮ ರಿಜಿಸ್ಟರಿನಲ್ಲಿರುವಂತೆಯೇ ಇದೆ. ರಿಜಿಸ್ಟರಿನಲ್ಲಿ ಬರೆದದ್ದು ನಿಜ ಎಂದು ಅದು ಎಲ್ಲೂ ಹೇಳುವುದಿಲ್ಲ. ಈ ಎರಡನ್ನು ಒಂದೇ ಎಂದುಕೊಳ್ಳುವುದರಿಂದಲೇ ಮನೆತನದ ಇತಿಹಾಸದಲ್ಲಿ ಅರ್ಧದಷ್ಟು ತಪ್ಪುಗಳು ಹುಟ್ಟುತ್ತವೆ ಎಂಬುದು ನನ್ನ ಅನಿಸಿಕೆ.

75 ಎಂಬ ಸಂಖ್ಯೆಯೂ ಅನುಮಾನಕ್ಕೆ ಎಡೆಮಾಡಿಕೊಡುತ್ತದೆ. ವಯಸ್ಸು ಸರಿಯಾಗಿ ಗೊತ್ತಿಲ್ಲದವರು ಸೊನ್ನೆಯಲ್ಲಿ ಅಥವಾ ಐದರಲ್ಲಿ ಕೊನೆಯಾಗುವ ಸಂಖ್ಯೆ ಹೇಳುತ್ತಾರೆ. ಜನಸಂಖ್ಯಾ ತಜ್ಞರು ಇದನ್ನು ಅಳೆಯಲೆಂದೇ ವಿಪ್ಪಲ್ ಸೂಚ್ಯಂಕ ಎಂಬ ಲೆಕ್ಕ ಇಟ್ಟುಕೊಂಡಿದ್ದಾರೆ. 23ರಿಂದ 62 ವರ್ಷದವರಲ್ಲಿ ಇಂಥ ವಯಸ್ಸು ಹೇಳಿದವರು ಸಹಜ ಪಾಲಿನಲ್ಲಿದ್ದರೆ ಅಂಕ 100, ಎಲ್ಲರೂ ಐದರ ಮಗ್ಗಿಯಲ್ಲೇ ವಯಸ್ಸು ಹೇಳಿದ್ದರೆ 500. ಕೆಲವೊಮ್ಮೆ ಸರ್ಕಾರವೇ ಹಾಗೆ ಬರೆಯಿರಿ ಎಂದದ್ದೂ ಉಂಟು. ಇಂಗ್ಲೆಂಡಿನ 1841ರ ಜನಗಣತಿಯಲ್ಲಿ 15 ದಾಟಿದವರ ವಯಸ್ಸನ್ನು ಕೆಳಗಿನ ಐದರ ಗುಣಕಕ್ಕೆ ಇಳಿಸಿ ಬರೆಯಬೇಕೆಂಬ ಸೂಚನೆಯಿತ್ತು. 34 ವರ್ಷದವನು ಅಲ್ಲಿ 30 ಆಗಿದ್ದಾನೆ. ಎಲ್ಲ ಗಣತಿದಾರರೂ ಸೂಚನೆ ಪಾಲಿಸಲಿಲ್ಲ, ಹಾಗಾಗಿ ಕೆಲವು ಪುಟಗಳಲ್ಲಿ ಸರಿಯಾದ ವಯಸ್ಸೇ ಇದೆ. ದಾಖಲೆಯನ್ನು ಓದುವುದಕ್ಕಿಂತ ಮೊದಲು ಅದನ್ನು ತುಂಬಿದವರಿಗೆ ಏನು ಹೇಳಲಾಗಿತ್ತು ಎಂದು ಓದುವುದು ಒಳ್ಳೆಯದು. ಹೆಚ್ಚಿನವರು ಆ ಕೆಲಸ ಮಾಡುವುದಿಲ್ಲ. ನಮೂನೆಯ ಹಿಂಬದಿಯಲ್ಲಿ ಅಚ್ಚಾಗಿರುವ ಸೂಚನೆಗಳನ್ನು ಸ್ಕ್ಯಾನ್ ಮಾಡುವವರೂ ಬಿಟ್ಟುಬಿಡುತ್ತಾರೆ.

ಹೇಳಿದವರು ಯಾರೆಂದು ದಾಖಲೆಯೇ ತಿಳಿಸುವ ಭಾಗ್ಯ ಅಪರೂಪ. ಅಮೆರಿಕದ 1940ರ ಜನಗಣತಿಯಲ್ಲಿ ಮನೆಯಲ್ಲಿ ಮಾಹಿತಿ ಕೊಟ್ಟವರ ಹೆಸರಿನ ಪಕ್ಕದಲ್ಲಿ ವೃತ್ತದೊಳಗೆ ಒಂದು ಗುಣಾಕಾರದ ಗುರುತು ಹಾಕಿದ್ದಾರೆ. ಅದಕ್ಕಿಂತ ಹಿಂದಿನ ಗಣತಿಗಳಲ್ಲಿ ಆ ಅನುಕೂಲವಿಲ್ಲ. ಹೇಳಿದ್ದು ತಾಯಿಯೋ, ಹನ್ನೆರಡು ವರ್ಷದ ಮಗಳೋ, ಬಾಡಿಗೆದಾರನೋ ನಮಗೆ ತಿಳಿಯುವುದಿಲ್ಲ. ಮರಣ ನೋಂದಣಿಯಲ್ಲಿ ಸಾಮಾನ್ಯವಾಗಿ ಮಾಹಿತಿದಾರರ ಹೆಸರಿಗೆ ಒಂದು ಕಲಂ ಇರುತ್ತದೆ, ಆದರೆ ಕೈಗೆ ಸಿಗುವ ಪ್ರಮಾಣಪತ್ರಕ್ಕೆ ಅದು ಇಳಿಯದೇ ಇರಬಹುದು. ನಿಮ್ಮದರಲ್ಲಿ ಇಲ್ಲದಿದ್ದರೆ ಮೂಲ ರಿಜಿಸ್ಟರಿನ ಪುಟದ ನಕಲು ಕೇಳಿ.

ಈಗ ಐದು ವಂಶವೃಕ್ಷಗಳ ಬಹುಮತಕ್ಕೆ ಬರೋಣ. ಒಂದೇ ಬಾವಿಯ ನೀರನ್ನು ಐದು ಕೊಡಗಳಲ್ಲಿ ತುಂಬಿಟ್ಟರೆ ಬಾವಿ ಐದಾಗುವುದಿಲ್ಲ. ಈ ಐವರೂ 1893ನ್ನು ಎಲ್ಲಿಂದ ತಂದರು? ನಿಮ್ಮ ಪ್ರಶ್ನೆಯಲ್ಲೇ ಸುಳಿವಿದೆ. 1968ರಲ್ಲಿ 75 ವರ್ಷದವರು ಹುಟ್ಟಿದ್ದು 1892ರಲ್ಲೂ ಆಗಿರಬಹುದು, 1893ರಲ್ಲೂ ಆಗಿರಬಹುದು, ಆ ವರ್ಷದ ಹುಟ್ಟುಹಬ್ಬ ಬಂದಿತ್ತೋ ಇಲ್ಲವೋ ಎನ್ನುವುದರ ಮೇಲೆ. ಆದರೆ ಕಾಗದದ ಮೇಲೆ 1968ರಿಂದ 75 ಕಳೆದವರಿಗೆ ಬರುವುದು 1893 ಮಾತ್ರ. ಯಾರೋ ಒಬ್ಬರು ಕಳೆಯುವ ಲೆಕ್ಕ ಮಾಡಿ ವರ್ಷ ಹಾಕಿದ್ದಾರೆ, ಉಳಿದವರು ಅದನ್ನು ಎತ್ತಿಕೊಂಡಿದ್ದಾರೆ ಎಂದೇ ನನಗೆ ಅನಿಸುತ್ತದೆ. ಇದನ್ನು ಪರೀಕ್ಷಿಸುವ ದಾರಿ ಸುಲಭ. ಐದೂ ಕಡೆ ಬೇರೆ ತಪ್ಪುಗಳನ್ನು ಹುಡುಕಿ: ಮುತ್ತಜ್ಜಿಯ ಹೆಸರಿನ ಅಕ್ಷರ ಒಂದೇ ರೀತಿ ತಪ್ಪಾಗಿದೆಯೇ, ಮಕ್ಕಳಲ್ಲಿ ಒಬ್ಬರು ಐದೂ ಕಡೆ ಬಿಟ್ಟುಹೋಗಿದ್ದಾರೆಯೇ? ಸರಿಯಾದ ಮಾಹಿತಿ ಹತ್ತು ಕಡೆಯಿಂದ ಬಂದು ಒಂದಾಗಬಹುದು, ಆದರೆ ಒಂದೇ ವಿಚಿತ್ರ ತಪ್ಪು ಐವರಿಗೆ ಬೇರೆ ಬೇರೆಯಾಗಿ ಹೊಳೆಯುವುದಿಲ್ಲ. ತಪ್ಪುಗಳು ಹೊಂದಿದರೆ ಐದನ್ನೂ ಒಟ್ಟಿಗೆ ಕಟ್ಟಿ ಮರಣ ಪ್ರಮಾಣಪತ್ರದ ಕೆಳಗಿಡಿ. ಅವುಗಳಿಗೆ ಸ್ವಂತ ಮತವಿಲ್ಲ.

ಸೇನೆಯ ಪತ್ರದಲ್ಲಿ ಮಾತಾಡಿದವರು ಸ್ವತಃ ಮುತ್ತಜ್ಜ. ಅದೂ ಮೊದಲ ಮೂರರಲ್ಲಿ ಹಳೆಯದು. ಹಾಗಾದರೆ ಅದೇ ಗಟ್ಟಿಯಲ್ಲವೇ ಎನ್ನಬಹುದು. ಇಲ್ಲಿ ನೋಡಬೇಕಾದದ್ದು ಅನುಕೂಲ. ಸೇನೆ ಸೇರಲು ಬಂದ ಹುಡುಗನಿಗೆ ವಯಸ್ಸು ಹೆಚ್ಚು ಹೇಳಲು ಬಲವಾದ ಕಾರಣವಿರುತ್ತದೆ. ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಬ್ರಿಟನ್ನಿನಲ್ಲಿ ಸೇನೆ ಸೇರಲು 18, ಹೊರದೇಶದ ರಣರಂಗಕ್ಕೆ ಹೋಗಲು 19 ಆಗಿರಬೇಕಿತ್ತು. ಹುಟ್ಟಿನ ಪುರಾವೆ ಕೇಳುತ್ತಿರಲಿಲ್ಲ. ಹದಿನೈದು ಹದಿನಾರರ ಹುಡುಗರು ಧಾರಾಳವಾಗಿ 19 ಎಂದು ಹೇಳಿ ಸೇರಿದರು. ಆ ಕಾಲದ ಅಂಥ ಪತ್ರಗಳಲ್ಲಿ 19 ಕಂಡರೆ ಅನುಭವಿಗಳು ತುಸು ನಿಲ್ಲುತ್ತಾರೆ. ನಿಮ್ಮ ಮುತ್ತಜ್ಜ ಸೇರಿದ ಪಡೆಯ ಅಂದಿನ ವಯೋಮಿತಿ ಎಷ್ಟಿತ್ತೆಂದು ಪತ್ತೆ ಮಾಡಿ. ಬರೆಸಿದ ವಯಸ್ಸು ಆ ಮಿತಿಯ ಗೆರೆಯ ಮೇಲೆಯೇ ನಿಂತಿದ್ದರೆ ಅದನ್ನು ಅನುಮಾನದಿಂದಲೇ ನೋಡಬೇಕು.

ಈ ಅನುಕೂಲದ ಪ್ರಶ್ನೆ ಎಷ್ಟು ದೂರ ಹೋಗುತ್ತದೆ ಎನ್ನಲು ಐರ್ಲೆಂಡಿನ ಕಥೆಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 1908ರಲ್ಲಿ ಬ್ರಿಟಿಷ್ ಸರ್ಕಾರ ವೃದ್ಧಾಪ್ಯ ವೇತನದ ಕಾನೂನು ತಂದಿತು. 70 ತುಂಬಿದವರಿಗೆ 1909ರ ಜನವರಿಯಿಂದ ವಾರಕ್ಕೆ ಗರಿಷ್ಠ ಐದು ಷಿಲಿಂಗ್. ಐರ್ಲೆಂಡಿನಲ್ಲಿ ಎಲ್ಲರ ಹುಟ್ಟನ್ನೂ ನೋಂದಾಯಿಸುವ ವ್ಯವಸ್ಥೆ ಶುರುವಾದದ್ದೇ 1864ರಲ್ಲಿ, ಹಾಗಾಗಿ 70 ದಾಟಿದ ಯಾರ ಬಳಿಯೂ ಜನನ ಪ್ರಮಾಣಪತ್ರವಿರಲಿಲ್ಲ. ಪರಿಣಾಮ ಏನಾಯಿತು ಎಂದರೆ, 1901ರ ಗಣತಿಯಲ್ಲಿ 55 ಎಂದು ಬರೆಸಿದ್ದವರು 1911ರ ಗಣತಿಯಲ್ಲಿ 70 ದಾಟಿಬಿಟ್ಟರು. ಹತ್ತು ವರ್ಷದಲ್ಲಿ ಹದಿನೈದು ವರ್ಷ ಮುದುಕರಾದವರು ಆ ಪುಟಗಳಲ್ಲಿ ಸಾಲಾಗಿ ಸಿಗುತ್ತಾರೆ. ಎಲ್ಲರೂ ಸುಳ್ಳರು ಎಂದೇನಲ್ಲ. ಕೆಲವರಿಗೆ 1901ರಲ್ಲೂ ತಮ್ಮ ವಯಸ್ಸು ಗೊತ್ತಿರಲಿಲ್ಲ, ವೇತನದ ನೆಪದಲ್ಲಿ ಮೊದಲ ಸಲ ಲೆಕ್ಕ ಹಾಕಿದರು. ಯಾವ ಅಂಕಿ ನಿಜಕ್ಕೆ ಹತ್ತಿರ ಎನ್ನುವುದನ್ನು ಒಬ್ಬೊಬ್ಬರಿಗೂ ಬೇರೆಯಾಗಿಯೇ ನೋಡಬೇಕು.

ವಯಸ್ಸಿನ ಪುರಾವೆಗಾಗಿ ಅಂದು ಅರ್ಜಿದಾರರು 1841 ಮತ್ತು 1851ರ ಗಣತಿ ಪುಸ್ತಕಗಳಲ್ಲಿ ತಮ್ಮ ಹೆಸರು ಹುಡುಕಿಸುತ್ತಿದ್ದರು. ಸಿಬ್ಬಂದಿ ಹುಡುಕಿ, ಸಿಕ್ಕಿದ್ದನ್ನು ಅರ್ಜಿಯ ನಮೂನೆಯಲ್ಲಿ ಬರೆಯುತ್ತಿದ್ದರು. 1922ರ ಜೂನ್ 30ರಂದು ಅಂತರ್ಯುದ್ಧದಲ್ಲಿ ಡಬ್ಲಿನ್ನಿನ ಸಾರ್ವಜನಿಕ ದಾಖಲೆ ಕಚೇರಿ ಸ್ಫೋಟಗೊಂಡು ಸುಟ್ಟುಹೋಯಿತು, ಆ ಗಣತಿ ಪುಸ್ತಕಗಳಲ್ಲಿ ಬಹುಪಾಲು ಬೂದಿಯಾದವು. ಉಳಿದದ್ದು ಆ ವೇತನದ ಅರ್ಜಿಗಳು. ಅವುಗಳಲ್ಲಿ ಸಿಬ್ಬಂದಿ ಎತ್ತಿ ಬರೆದ ನಾಲ್ಕು ಸಾಲು ಇವತ್ತು ಕೆಲವು ಮನೆತನಗಳಿಗೆ 1841ರ ಒಂದೇ ಕುರುಹು. ನಕಲು ಮೂಲಕ್ಕಿಂತ ಕೀಳು ಎಂಬ ನಿಯಮವನ್ನು ಕಂಠಪಾಠ ಮಾಡಿಕೊಂಡವರು ಇಂಥಲ್ಲಿ ಸ್ವಲ್ಪ ಯೋಚಿಸಬೇಕು. ನಕಲು ಮಾಡಿದವನು ಯಾರು, ಯಾವ ಎಚ್ಚರದಿಂದ ಮಾಡಿದ ಎನ್ನುವುದೇ ಮುಖ್ಯ. ಇಲ್ಲಿ ಅರ್ಜಿದಾರ ಹೇಳಿದ ವಯಸ್ಸು ದುರ್ಬಲ, ಅದೇ ಹಾಳೆಯಲ್ಲಿ ಸಿಬ್ಬಂದಿ ಗಣತಿಯಿಂದ ಎತ್ತಿದ ಸಾಲು ಗಟ್ಟಿ.

ಅನುಕೂಲಕ್ಕಾಗಿ ಇಡೀ ಸಂಬಂಧಗಳನ್ನೇ ಕಟ್ಟಿದ್ದೂ ಇದೆ. ಅಮೆರಿಕ 1882ರಲ್ಲಿ ಚೀನೀ ಕಾರ್ಮಿಕರ ಪ್ರವೇಶ ನಿಷೇಧಿಸಿತು. 1906ರ ಏಪ್ರಿಲ್ 18ರ ಭೂಕಂಪ ಮತ್ತು ಬೆಂಕಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಜನನ ದಾಖಲೆಗಳು ನಾಶವಾದವು. ತಾನು ಇಲ್ಲೇ ಹುಟ್ಟಿದವನು ಎಂದು ಹೇಳಿಕೊಂಡರೆ ಸುಳ್ಳು ಎನ್ನಲು ಕಾಗದವೇ ಉಳಿಯಲಿಲ್ಲ. ಹಾಗೆ ಪೌರತ್ವ ಪಡೆದವರು ಚೀನಾಕ್ಕೆ ಹೋಗಿಬಂದಾಗಲೆಲ್ಲ ಮಗ ಹುಟ್ಟಿದ ಎಂದು ಬರೆಸಿ, ಆ ಮಗನ ಜಾಗವನ್ನು ಬೇರೆಯವರಿಗೆ ಮಾರಿದರು. ಇವರನ್ನು ಕಾಗದದ ಮಕ್ಕಳು ಎಂದೇ ಕರೆಯುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೋ ಬಳಿಯ ಏಂಜಲ್ ದ್ವೀಪದ ವಲಸೆ ಕೇಂದ್ರದಲ್ಲಿ ಅಧಿಕಾರಿಗಳು ಊರಿನ ಬಾವಿ ಯಾವ ದಿಕ್ಕಿಗಿದೆ, ಮನೆಗೆ ಎಷ್ಟು ಮೆಟ್ಟಿಲು ಎಂದೆಲ್ಲ ಪ್ರಶ್ನಿಸುತ್ತಿದ್ದರು. ಬರುವವರು ಉತ್ತರಗಳ ಪುಸ್ತಕವನ್ನೇ ಬಾಯಿಪಾಠ ಮಾಡಿ ಬರುತ್ತಿದ್ದರು. ಅಂಥ ಮನೆಯ ಇತಿಹಾಸ ಬರೆಯುವವರಿಗೆ ಸರ್ಕಾರಿ ಕಡತದ ಪ್ರತಿಯೊಂದು ಕಾಗದವೂ ಇನ್ನೊಂದಕ್ಕೆ ಅಚ್ಚುಕಟ್ಟಾಗಿ ಹೊಂದುತ್ತದೆ, ಆದರೆ ತಂದೆ ತಂದೆಯಲ್ಲ, ಮನೆತನದ ಹೆಸರು ಅವರದ್ದಲ್ಲ. ನಿಜವಾದ ಹೆಸರು ಕೆಲವೊಮ್ಮೆ ಸಿಕ್ಕಿರುವುದು ಮನೆಯಲ್ಲಿ ಪಿಸುಮಾತಾಗಿ ಉಳಿದ ಕಥೆಯಲ್ಲಿ. ದಾಖಲೆಗಳ ನಡುವೆ ತುಂಬಾ ಚೆನ್ನಾದ ಹೊಂದಾಣಿಕೆ ಕಂಡರೂ ಒಮ್ಮೆ ಕಣ್ಣುಜ್ಜಿಕೊಂಡು ನೋಡಬೇಕು ಎನ್ನುವುದು ಇದಕ್ಕೇ.

ಚಿಕ್ಕ ಅನುಕೂಲಗಳೂ ಇರುತ್ತವೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1837ರ ಜುಲೈ 1ರಿಂದ ಜನನ ನೋಂದಣಿ ಶುರುವಾಯಿತು. 42 ದಿನದೊಳಗೆ ಬರೆಸಬೇಕು, ತಡವಾದರೆ ತೊಂದರೆ. ತಡಮಾಡಿದ ತಂದೆ ತಾಯಿ ಏನು ಮಾಡುತ್ತಿದ್ದರೆಂದರೆ, ಮಗುವಿನ ಹುಟ್ಟುದಿನವನ್ನೇ ಕೆಲವು ವಾರ ಮುಂದೆ ತಳ್ಳಿ ಹೇಳುತ್ತಿದ್ದರು. ಚರ್ಚಿನ ರಿಜಿಸ್ಟರಿನಲ್ಲಿ ಮಗುವಿನ ದೀಕ್ಷಾಸ್ನಾನ ಅದರ ಸರ್ಕಾರಿ ಹುಟ್ಟುದಿನಕ್ಕಿಂತ ಮೊದಲೇ ಆಗಿರುವುದು ಕಂಡರೆ ಗಾಬರಿಯಾಗಬೇಕಿಲ್ಲ, ಕಾರಣ ಇದೇ ಇರಬಹುದು.

ನಿಮ್ಮ ಕೈಲಿರುವ ವಸ್ತುಗಳಲ್ಲಿ ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಆ ನೋಟ್‌ಪುಸ್ತಕ. ಅದರ ವಿಷಯ ಓದುವುದನ್ನು ಬಿಟ್ಟು ಮೊದಲು ಅದನ್ನು ಒಂದು ವಸ್ತುವಾಗಿ ನೋಡಿ. ಕಿಟಕಿಯ ಬೆಳಕಿಗೆ ಹಿಡಿಯಿರಿ. ಮೊದಲ ಪುಟದಿಂದ ಕೊನೆಯವರೆಗೆ ಒಂದೇ ಶಾಯಿ, ಒಂದೇ ಕೈಬರಹ, ಒಂದೇ ಬಾಗು ಇದ್ದರೆ ಅದು ಒಂದೇ ಕೂತಲ್ಲಿ ಬರೆದದ್ದು. ನೆನಪಿನಿಂದ ಬರೆದಿರಬಹುದು, ಇನ್ನೊಂದು ಹಳೆಯ ಪುಸ್ತಕದಿಂದ ಎತ್ತಿರಬಹುದು. ಶಾಯಿ ಬದಲಾಗುತ್ತ, ಅಕ್ಷರ ವಯಸ್ಸಾಗುತ್ತ ಹೋಗಿದ್ದರೆ ಅದು ಆಯಾ ಘಟನೆ ನಡೆದಾಗ ಬರೆದ ದಿನಚರಿ. ಪುಸ್ತಕದ ರಟ್ಟಿನ ಮೇಲೆ, ಅಂಚಿನಲ್ಲಿ ಮುದ್ರಣದ ವರ್ಷವಿದೆಯೇ? ಪಶ್ಚಿಮದ ಮನೆಗಳಲ್ಲಿ ಬೈಬಲ್ಲಿನ ಒಳಪುಟಗಳಲ್ಲಿ ಮನೆಯವರ ಹುಟ್ಟು ಸಾವು ಬರೆದಿಡುತ್ತಿದ್ದರು. ಆ ನಮೂದುಗಳನ್ನು ಪರಿಶೀಲಿಸುವವರು ಮೊದಲು ತಿರುಗಿಸುವುದು ಶೀರ್ಷಿಕೆ ಪುಟವನ್ನು. ಬೈಬಲ್ ಅಚ್ಚಾದದ್ದು 1860 ಎಂದಿದ್ದು, ಮೊದಲ ನಮೂದು 1821ರದ್ದಾದರೆ, ಆ ನಮೂದು ಸುಮಾರು ನಲವತ್ತು ವರ್ಷವಾದರೂ ತಡವಾಗಿ ಬರೆದದ್ದು ಎಂದಾಯಿತು. ಹಾಗೆಯೇ ಲೇಖನಿ. ಬಾಲ್‌ಪೆನ್ ಮಾರುಕಟ್ಟೆಗೆ ಬಂದದ್ದು 1940ರ ದಶಕದ ನಡುವಿನಲ್ಲಿ. ಮುತ್ತಜ್ಜನ 1899 ಬಾಲ್‌ಪೆನ್ನಿನ ಗೆರೆಯಲ್ಲಿದ್ದರೆ ಅದಕ್ಕಿಂತ ಹಿಂದೆ ಬರೆದಿರಲು ಸಾಧ್ಯವೇ ಇಲ್ಲ.

ತಡವಾಗಿ ಬರೆದದ್ದೆಂದರೆ ಎಸೆಯಬೇಕೆಂದಲ್ಲ. ಮಗಳು ಅಪ್ಪನನ್ನೇ ಕೂರಿಸಿಕೊಂಡು ಕೇಳಿ ಬರೆದಿರಬಹುದು, ಅಜ್ಜಿಯಿಂದ ಕೇಳಿರಬಹುದು. ಮುತ್ತಜ್ಜನ ತಂಗಿ ತಮ್ಮಂದಿರ ಬಗ್ಗೆ ಅದೇ ಪುಸ್ತಕದಲ್ಲಿರುವ ದಿನಾಂಕಗಳನ್ನು ಬೇರೆ ದಾಖಲೆಗಳ ಜೊತೆ ಹೋಲಿಸಿ. ಪರೀಕ್ಷಿಸಲು ಸಾಧ್ಯವಿರುವ ಕಡೆಗಳಲ್ಲಿ ಆಕೆ ಸರಿ ಇದ್ದರೆ, ಪರೀಕ್ಷಿಸಲಾಗದ ಕಡೆಯಲ್ಲೂ ಆಕೆಯ ಮಾತಿಗೆ ಸ್ವಲ್ಪ ಹೆಚ್ಚು ಬೆಲೆ ಕೊಡಬಹುದು. ಇನ್ನೊಂದು ಮುಖ್ಯ ಸಂಗತಿ, ಆಕೆ ಬರೆದದ್ದು ಆಸ್ತಿಯ ವ್ಯಾಜ್ಯಕ್ಕೆ ಮೊದಲೋ ನಂತರವೋ. ನ್ಯಾಯಾಲಯಗಳು ಇದನ್ನು ಬಹಳ ಹಿಂದೆಯೇ ಗುರುತಿಸಿವೆ. ಇಂಗ್ಲೆಂಡಿನಲ್ಲಿ ಬರ್ಕ್ಲಿ ಮನೆತನದ ಅರ್ಲ್ ಪದವಿ ಯಾರಿಗೆ ಸಲ್ಲಬೇಕೆಂಬ 1811ರ ಪ್ರಕರಣದಲ್ಲಿ, ವಿವಾದ ಎದ್ದ ಮೇಲೆ ಮನೆಯವರು ಸಂಬಂಧದ ಬಗ್ಗೆ ಆಡಿದ ಮಾತನ್ನು ಪುರಾವೆಯಾಗಿ ಒಪ್ಪಲಾಗದು ಎಂದಾಯಿತು. 1872ರ ಭಾರತೀಯ ಸಾಕ್ಷ್ಯ ಅಧಿನಿಯಮದ 32ನೇ ಕಲಂ ಕೂಡ ತೀರಿಕೊಂಡವರು ರಕ್ತಸಂಬಂಧ, ಮದುವೆ, ದತ್ತಕದ ಬಗ್ಗೆ ಹೇಳಿದ ಮಾತನ್ನು ಒಪ್ಪುತ್ತಿತ್ತು, ಆದರೆ ಅದು ವ್ಯಾಜ್ಯ ಹುಟ್ಟುವ ಮೊದಲು ಹೇಳಿದ್ದಾಗಿರಬೇಕಿತ್ತು. ಅದರ ಬದಲಿಗೆ 2024ರ ಜುಲೈ 1ರಿಂದ ಜಾರಿಗೆ ಬಂದ 2023ರ ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಆ ತತ್ವ ಹಾಗೇ ಮುಂದುವರಿದಿದೆ. ಮನೆತನದ ಇತಿಹಾಸ ಬರೆಯುವವರು ಕೋರ್ಟಿಗೆ ಹೋಗಬೇಕಿಲ್ಲ, ಆದರೆ ಈ ವಿವೇಕವನ್ನು ಎರವಲು ಪಡೆಯಬಹುದು. ಪಾಲಿನ ಜಗಳದ ನಡುವೆ ತಯಾರಾದ ವಂಶಾವಳಿಯಲ್ಲಿ ಯಾರು ಬಿಟ್ಟುಹೋಗಿದ್ದಾರೆ ಎಂಬುದನ್ನೇ ಮೊದಲು ನೋಡಿ.

ಇದಕ್ಕೆ ಸೋದರಸಂಬಂಧಿಯಂಥದ್ದು ಹೊಗಳಿಕೆಯ ವಂಶಾವಳಿ. ಕೊರಿಯದಲ್ಲಿ ಜೋಸನ್ ರಾಜವಂಶದ ಆಳ್ವಿಕೆಯ ಕೊನೆಗಾಲದಲ್ಲಿ ಹಣವಂತರು ಗಣ್ಯ ಮನೆತನಗಳ ವಂಶಪುಸ್ತಕಗಳಲ್ಲಿ ಜಾಗ ಕೊಂಡುಕೊಂಡರು. ಅಮೆರಿಕದಲ್ಲಿ ಸ್ವೀಡನ್ ಮೂಲದ ಗುಸ್ತಾವ್ ಆಂಜೂ ಶ್ರೀಮಂತರಿಗೆ ಬೇಕಾದ ಪೂರ್ವಜರನ್ನು ಕಟ್ಟಿಕೊಟ್ಟು ಹಣ ಮಾಡಿದ. 1942ರಲ್ಲಿ ಆತ ತೀರಿಕೊಂಡರೂ ಆತನ ಸೃಷ್ಟಿಗಳು ಇವತ್ತಿಗೂ ಮರದಿಂದ ಮರಕ್ಕೆ ನಕಲಾಗುತ್ತಲೇ ಇವೆ. ನಿಮ್ಮ ವಂಶವೃಕ್ಷ ಯಾವುದಾದರೂ ರಾಜನಿಗೆ ಹೋಗಿ ಮುಟ್ಟಿದರೆ, ಆ ಕೊನೆಯ ಎರಡು ಮೂರು ಕೊಂಡಿಗಳನ್ನು ಮಾತ್ರ ಸ್ವಲ್ಪ ಬಿಗಿಯಾಗಿ ಜಗ್ಗಿ ನೋಡಿ.

ಅಂತರ್ಜಾಲದಲ್ಲಿ ಸಿಗುವ ಇಂಡೆಕ್ಸ್‌ಗಳ, ಅಂದರೆ ಹಳೆಯ ದಾಖಲೆಗಳಿಂದ ಹೆಸರು, ವರ್ಷ ಎತ್ತಿ ಮಾಡಿದ ಪಟ್ಟಿಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅದು ಹುಡುಕುವ ಸಾಧನ, ಪುರಾವೆಯಲ್ಲ. ಯಾರೋ ಕಣ್ಣಿಗೆ ಕಂಡಂತೆ, ಇಲ್ಲವೇ ಯಂತ್ರ ಓದಿದಂತೆ ಟೈಪ್ ಮಾಡಿದ್ದು. ಹಳೆಯ ಕೈಬರಹದಲ್ಲಿ 1 ಮತ್ತು 7, 3 ಮತ್ತು 8 ಸದಾ ಅದಲುಬದಲಾಗುತ್ತವೆ. ಚಿತ್ರ ತೆರೆದು, ಅದೇ ಪುಟದಲ್ಲಿ ಅದೇ ಗುಮಾಸ್ತ ಬೇರೆ ಕಡೆ 7 ಹೇಗೆ ಬರೆದಿದ್ದಾನೆ ಎಂದು ಹೋಲಿಸಿ. ನೀವು ಹೇಳಿದ ಮದುವೆಯ ವಯಸ್ಸು 25 ಎನ್ನುವುದು ಇಂಡೆಕ್ಸಿನದೋ, ನೀವೇ ಪುಟ ನೋಡಿದ್ದೋ ನಿಮ್ಮ ಪತ್ರದಿಂದ ತಿಳಿಯಲಿಲ್ಲ. ಸುಟ್ಟುಹೋಗಿ ಮತ್ತೆ ಕಟ್ಟಿದ ರಿಜಿಸ್ಟರ್‌ಗಳೂ ಇವೆ. 1871ರಲ್ಲಿ ಸರ್ಕಾರದ ವಿರುದ್ಧ ಎದ್ದ ಕಮ್ಯೂನ್ ದಂಗೆಯಲ್ಲಿ ಪ್ಯಾರಿಸ್ಸಿನ 1860ಕ್ಕೆ ಹಿಂದಿನ ಜನನ, ಮದುವೆ, ಮರಣ ರಿಜಿಸ್ಟರ್‌ಗಳ ಎರಡೂ ಪ್ರತಿಗಳು ಬೇರೆ ಬೇರೆ ಕಟ್ಟಡಗಳಲ್ಲಿದ್ದರೂ ಸುಟ್ಟುಹೋದವು. ಆಮೇಲೆ ಮನೆಗಳಲ್ಲಿದ್ದ ಕಾಗದ, ಚರ್ಚಿನ ಪುಸ್ತಕಗಳ ಆಧಾರದಲ್ಲಿ ಸುಮಾರು ಮೂರನೇ ಒಂದು ಪಾಲನ್ನು ಮತ್ತೆ ಬರೆದರು. ನೋಡಲು ಅದು ಮೂಲ ರಿಜಿಸ್ಟರಿನಂತೆಯೇ ಇರುತ್ತದೆ.

ದಿನಾಂಕಗಳು ಒಂದೆರಡು ವಾರವೋ ಒಂದು ವರ್ಷವೋ ಹಿಂದುಮುಂದಾದರೆ ಪಂಚಾಂಗವನ್ನೂ ನೆನಪಿಸಿಕೊಳ್ಳಿ. ಜಾರ್ಜ್ ವಾಷಿಂಗ್ಟನ್ ಹುಟ್ಟಿದ್ದು ಹಳೆಯ ಲೆಕ್ಕದಲ್ಲಿ 1731ರ ಫೆಬ್ರವರಿ 11, ಇಂದಿನ ಲೆಕ್ಕದಲ್ಲಿ 1732ರ ಫೆಬ್ರವರಿ 22. ಎರಡೂ ಸರಿ. ಬ್ರಿಟನ್ ಮತ್ತು ಅದರ ವಸಾಹತುಗಳು 1752ರಲ್ಲಿ ಪಂಚಾಂಗ ಬದಲಿಸಿದಾಗ ಹನ್ನೊಂದು ದಿನ ಬಿಟ್ಟುಹೋದವು, ವರ್ಷದ ಆರಂಭವೂ ಮಾರ್ಚ್ 25ರಿಂದ ಜನವರಿ 1ಕ್ಕೆ ಬಂತು. ರಷ್ಯಾ ಇದೇ ಕೆಲಸ ಮಾಡಿದ್ದು 1918ರಲ್ಲಿ. ನಿಮ್ಮ ಮುತ್ತಜ್ಜನ ಆರು ವರ್ಷದ ಅಂತರಕ್ಕೆ ಇದು ಉತ್ತರವಲ್ಲ, ಹಿಂದಿನ ತಲೆಮಾರುಗಳಿಗೆ ಹೋದಾಗ ಬೇಕಾದೀತು. ಡಿಎನ್‌ಎ ಪರೀಕ್ಷೆಯಿಂದಲೂ ಹುಟ್ಟಿದ ವರ್ಷ ಸಿಗುವುದಿಲ್ಲ. ಸಂಬಂಧದ ವಿಷಯದಲ್ಲೂ ಅದು ಹೇಳುವುದು ಪ್ರಮಾಣವನ್ನು ಮಾತ್ರ: ಸರಾಸರಿ ಶೇ 12.5ರ ಹಂಚಿಕೆ ಚಿಕ್ಕಪ್ಪನ ಮಗನ ಜೊತೆಗೂ ಇರುತ್ತದೆ, ಮುತ್ತಜ್ಜನ ಜೊತೆಗೂ ಇರುತ್ತದೆ.

ಈಗ ನಿಮ್ಮ ಮೂಲ ಪ್ರಶ್ನೆಗೆ ಹಿಂತಿರುಗುತ್ತೇನೆ. ಮದುವೆ ನೋಂದಣಿಯ 25ರಿಂದ ಬರುವುದು 1898 ಅಥವಾ 1899. ನೋಟ್‌ಪುಸ್ತಕ 1899 ಎನ್ನುತ್ತದೆ. ಇವೆರಡೂ ಒಂದರಿಂದೊಂದು ಹುಟ್ಟಿದ್ದಲ್ಲ ಎಂದಾದರೆ ನಿಮ್ಮಲ್ಲಿ ಎರಡು ಸ್ವತಂತ್ರ ಬಾಯಿಗಳಿವೆ, ಅವು ಒಂದೇ ಮಾತು ಹೇಳುತ್ತಿವೆ. ಸೇನೆಯ 19ರಿಂದ ಬರುವುದು 1896 ಅಥವಾ 1897, ಆದರೆ 1899ರಲ್ಲಿ ಹುಟ್ಟಿದ ಹುಡುಗ 1916ರಲ್ಲಿ ಹದಿನಾರು ಹದಿನೇಳರವನು, ಎರಡು ಮೂರು ವರ್ಷ ಸೇರಿಸಿ ಹೇಳಲು ಕಾರಣವಿದ್ದವನು. ಅಂದರೆ ಆ ಪತ್ರ 1899ನ್ನು ವಿರೋಧಿಸುವುದಿಲ್ಲ, ಅದರ ತಪ್ಪಿಗೆ ವಿವರಣೆ ಇದೆ. ಮರಣ ಪ್ರಮಾಣಪತ್ರದ 75ಕ್ಕೂ ವಿವರಣೆ ಇದೆ. ತಿರುಗಿಸಿ ನೋಡಿ: 1893 ನಿಜವೆಂದರೆ 1916ರಲ್ಲಿ 23 ವರ್ಷದ ಗಂಡಸು ತನ್ನನ್ನು 19 ಎಂದು ಯಾಕೆ ಹೇಳಿಕೊಂಡ, 1924ರಲ್ಲಿ 31ರವನು 25 ಎಂದು ಯಾಕೆ ಬರೆಸಿದ, ಎರಡಕ್ಕೂ ಬೇರೆ ಬೇರೆ ಕಾರಣ ಹುಡುಕಬೇಕಾಗುತ್ತದೆ. ಮದುವೆಯಲ್ಲಿ ವಯಸ್ಸು ಇಳಿಸುವುದು ಹೊಸದಲ್ಲ, ಆದರೆ ಸೇನೆಯಲ್ಲಿ ಇಳಿಸಲು ಅಷ್ಟು ಸುಲಭದ ಕಾರಣ ಸಿಗುವುದಿಲ್ಲ.

ಆದ್ದರಿಂದ ನಿಮ್ಮ ಟಿಪ್ಪಣಿಯಲ್ಲಿ "ಹುಟ್ಟಿದ್ದು ಸುಮಾರು 1898–99" ಎಂದು ಬರೆಯಿರಿ. ಕೆಳಗೆ ನಾಲ್ಕೂ ದಾಖಲೆಗಳನ್ನು, ಪ್ರತಿಯೊಂದರಲ್ಲೂ ವಯಸ್ಸು ಹೇಳಿದವರು ಯಾರೆಂಬುದನ್ನು, 1893ನ್ನು ಯಾಕೆ ಬಿಟ್ಟಿರಿ ಎಂಬುದನ್ನು ಎರಡೆರಡು ಸಾಲಿನಲ್ಲಿ ದಾಖಲಿಸಿ. ಬಿಟ್ಟ ವರ್ಷವನ್ನು ಅಳಿಸಿಹಾಕಬೇಡಿ. ಮುಂದೆ ನೋಡುವವರು ಅದನ್ನೇ ಹೊಸದಾಗಿ ಕಂಡುಹಿಡಿದಂತೆ ತಂದು ನಿಮಗೇ ತೋರಿಸುತ್ತಾರೆ.

ಮುಂದೆ ಹುಡುಕಬೇಕಾದದ್ದು ಎರಡು. ಶಾಲೆಯ ದಾಖಲಾತಿ ಪುಸ್ತಕ ಉಳಿದಿದ್ದರೆ ಅದು, ಮತ್ತು ಅವರ ಒಡಹುಟ್ಟಿದವರ ಹುಟ್ಟಿನ ನಮೂದುಗಳು. ಮುತ್ತಜ್ಜನದ್ದು ಸಿಗದಿದ್ದರೂ ಅವರ ಬೆನ್ನಿಗೆ ಹುಟ್ಟಿದ ತಂಗಿಯದ್ದೋ ತಮ್ಮನದ್ದೋ ಸಿಕ್ಕರೆ ಸಾಕು. ಆ ತಂಗಿ 1901ರಲ್ಲಿ ಹುಟ್ಟಿದ್ದು ಖಚಿತವಾದರೆ 1899 ಇನ್ನಷ್ಟು ನೆಲೆಯೂರುತ್ತದೆ. 1897ರಲ್ಲಿ ಹುಟ್ಟಿದ್ದರೆ ನಾನು ಇಲ್ಲಿ ಕಟ್ಟಿದ ಲೆಕ್ಕವೆಲ್ಲ ಬಿದ್ದುಹೋಗುತ್ತದೆ, ಆಗ ಮದುವೆ ನೋಂದಣಿಯನ್ನೇ ಮತ್ತೆ ಕೈಗೆತ್ತಿಕೊಳ್ಳಬೇಕು. ಆ ಪುಟದಲ್ಲಿ ವಧುವಿನ ವಯಸ್ಸು ಎಷ್ಟೆಂದು ಬರೆದಿದೆ, ಅದೇ ದಿನ ನೋಂದಾಯಿಸಿದ ಬೇರೆ ವರರ ವಯಸ್ಸೂ 25, 30 ಎಂದೇ ಇದೆಯೇ, ಇವಿಷ್ಟನ್ನು ನೋಡಿಕೊಂಡು ಪೂರ್ತಿ ಪುಟದ ಚಿತ್ರದೊಂದಿಗೆ ಮತ್ತೆ ಬರೆಯಿರಿ.